ಮುಳ್ಳಿಗೆ ಪೆಟ್ರೋಲ್ ಕಾಣಿಸುವುದಿಲ್ಲ

ಚೆನ್ನೈನ ಮಾಧವರಂ ರೌಂಡಾನಾ ದಾಟಿ ಪುಳಲ್ ಕಡೆಗೆ ಹೊರಟಿದ್ದೆ. ಎರಡನೇ ಗೇರಿನಿಂದ ಮೂರಕ್ಕೆ ಬರುವಷ್ಟರಲ್ಲಿ ಜೀಪು ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು. ಮೇ ತಿಂಗಳು, ಬೆಳಗಿನ ಹನ್ನೊಂದು ಗಂಟೆ. ಜಿಎನ್‌ಟಿ ರಸ್ತೆಯೆಂದರೆ ಕೋಲ್ಕತ್ತಾದ ದಾರಿ. ಹಿಂದಿನಿಂದ ಬರುವ ಲಾರಿ, ಕಂಟೇನರುಗಳು ಒಂದು ಹಳೇ ಜೀಪಿಗಾಗಿ ಕಾಯುವುದಿಲ್ಲ. ಹೇಗೋ ತಳ್ಳಿ ಪಕ್ಕಕ್ಕೆ ಹಾಕಿ ಮೊದಲು ನೋಡಿದ್ದು ಪೆಟ್ರೋಲ್ ಮೀಟರು. ಮುಳ್ಳು ಅರ್ಧದ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿತ್ತು. ಪೆಟ್ರೋಲ್ ಇದೆ ಎಂದಾಯಿತು. ಹಾಗಾಗಿ ಉಳಿದದ್ದನ್ನೆಲ್ಲ ನೋಡತೊಡಗಿದೆ. ಬಾನೆಟ್ ಎತ್ತಿ ಕಾಯಿಲ್ ಮುಟ್ಟಿದೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ ಪಾಯಿಂಟ್ ಒರೆಸಿದೆ. ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಂಡಿರಬಹುದು ಎಂದು ಒದ್ದೆ ಬಟ್ಟೆ ಸುತ್ತಿದೆ. ಮುಕ್ಕಾಲು ಗಂಟೆ ಹೋಯಿತು.

ಜೀಪಿನ ಹಿಂಬದಿಯಲ್ಲಿ ಅಪ್ಪ ಎಂದೋ ಬರೆಸಿದ್ದ ‘ಶ್ರೀ ಗುರುಕೃಪೆ’ ಇನ್ನೂ ಅಳಿಸಿಲ್ಲ. ಅದನ್ನು ಓದಿಕೊಂಡು, ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರೊಬ್ಬರು ರಸ್ತೆ ದಾಟಿ ಬಂದರು. ಚಳ್ಳಕೆರೆಯವರು.

‘ಯಾವೂರು ಸಾರ್?’

‘ಮೂಡಿಗೆರೆ ಕಡೆ.’

‘ಪೆಟ್ರೋಲ್ ಐತಾ?’

‘ಅರ್ಧ ಟ್ಯಾಂಕ್ ತೋರಿಸ್ತಾ ಇದೆ.’

‘ತೋರ್ಸೋದು ಬ್ಯಾರೆ ಸಾರ್, ಇರೋದು ಬ್ಯಾರೆ.’

ಹಾಗೆಂದವರೇ ಜೀಪಿನ ಮಗ್ಗುಲಿಗೆ ಎರಡೂ ಕೈ ಕೊಟ್ಟು ಜೋರಾಗಿ ಅಲ್ಲಾಡಿಸಿ, ಡ್ರೈವರ್ ಸೀಟಿನ ಬಳಿ ತಲೆ ಬಗ್ಗಿಸಿ ಕಿವಿಗೊಟ್ಟರು. ನಮ್ಮ ಜೀಪಿನ ಟ್ಯಾಂಕು ಇರುವುದು ಆ ಸೀಟಿನ ಕೆಳಗೇ. ಅರ್ಧ ತುಂಬಿದ ಟ್ಯಾಂಕು ಬಳಬಳ ಎನ್ನಬೇಕು. ಸದ್ದೇ ಇಲ್ಲ. ಬಂಕಿನಿಂದ ಐದು ಲೀಟರ್ ತಂದು ಸುರಿದ ಮೇಲೆ ಜೀಪು ಹೊರಟಿತು. ಮುಳ್ಳು ಆಗಲೂ ಅರ್ಧದ ಹತ್ತಿರವೇ ಇತ್ತು, ಚೂರು ಮೇಲಕ್ಕೆ ಬಂದಿತ್ತು ಅಷ್ಟೆ.

ಆ ಡ್ರೈವರ್ ಹೇಳಿದ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಇದೇ ಜಾಗದಲ್ಲಿ ನಿಂತಿರುತ್ತಾರೆ. ಹೆಚ್ಚಿನವರು ಮರುದಿನವೇ ಹೋಗಿ ಹೊಸ ಮೀಟರ್ ಹಾಕಿಸುತ್ತಾರೆ, ರೋಗ ಹಾಗೇ ಉಳಿಯುತ್ತದೆ. ಕಾರಣ ಇಷ್ಟೆ: ಮೀಟರಿನ ಮುಳ್ಳಿಗೆ ಪೆಟ್ರೋಲ್ ಕಾಣಿಸುವುದಿಲ್ಲ. ತನ್ನೊಳಗೆ ಎಷ್ಟು ಕರೆಂಟು ಹರಿಯುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಟ್ಯಾಂಕಿನಿಂದ ಡ್ಯಾಶ್‌ಬೋರ್ಡಿನ ತನಕದ ದಾರಿಯಲ್ಲಿ ಆ ಕರೆಂಟಿಗೆ ಯಾರು ಅಡ್ಡ ಬಂದರೂ ಮುಳ್ಳು ಅದನ್ನು ಪೆಟ್ರೋಲಿನ ಲೆಕ್ಕವೆಂದೇ ತೋರಿಸುತ್ತದೆ.

ಟ್ಯಾಂಕಿನ ನೆತ್ತಿಯ ಮೇಲೆ ನಾಲ್ಕೈದು ಸ್ಕ್ರೂಗಳಲ್ಲಿ ಕೂತ ಅಂಗೈಯಗಲದ ಒಂದು ದುಂಡು ತಗಡಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ‘ಟ್ಯಾಂಕ್ ಯೂನಿಟ್’ ಎನ್ನುತ್ತಾರೆ. ಅದರಿಂದ ಒಳಕ್ಕೆ ಒಂದು ಸಣ್ಣ ತೋಳು ಇಳಿದಿರುತ್ತದೆ, ತೋಳಿನ ತುದಿಗೆ ತೇಲುವ ಫ್ಲೋಟು. ಮನೆಯ ನೀರಿನ ಟ್ಯಾಂಕಿನ ಬಾಲ್‌ವಾಲ್ವ್ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪೆಟ್ರೋಲ್ ಏರಿದರೆ ತೋಳು ಏರುತ್ತದೆ, ಇಳಿದರೆ ಇಳಿಯುತ್ತದೆ. ತೋಳಿನ ಇನ್ನೊಂದು ತುದಿ ಸಣ್ಣ ತಂತಿ ಸುತ್ತಿದ ಪಟ್ಟಿಯೊಂದರ ಮೇಲೆ ಉಜ್ಜುತ್ತ ಜಾರುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಪಿದ ಹಾಗೆ, ತೋಳು ಎಲ್ಲಿ ನಿಂತಿದೆ ಎಂಬುದರ ಮೇಲೆ ಕರೆಂಟಿಗೆ ಒದಗುವ ತಡೆ ಹೆಚ್ಚುಕಡಿಮೆಯಾಗುತ್ತದೆ. ಆ ತಡೆಯ ಅಳತೆಯೇ ಓಂ. ಬ್ಯಾಟರಿಯಿಂದ ಹೊರಟ ಕರೆಂಟು ಮೀಟರಿನೊಳಗೆ ಹಾದು, ಒಂದೇ ಒಂದು ತಂತಿಯಲ್ಲಿ ಟ್ಯಾಂಕಿಗೆ ಬಂದು, ಆ ಪಟ್ಟಿಯನ್ನು ದಾಟಿ, ಟ್ಯಾಂಕಿನ ತಗಡಿನ ಮೂಲಕ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ಮರಳುತ್ತದೆ. ಹೋಗುವ ದಾರಿಗೆ ತಂತಿಯಿದೆ. ಮರಳುವ ದಾರಿಗೆ ತಂತಿಯಿಲ್ಲ, ಗಾಡಿಯ ಮೈಯೇ ದಾರಿ. ಅದನ್ನೇ ‘ಅರ್ತ್’ ಎನ್ನುವುದು. ಹಳೇ ಗಾಡಿಗಳಲ್ಲಿ ಮೋಸವೆಲ್ಲ ಹೆಚ್ಚಾಗಿ ನಡೆಯುವುದು ಈ ಮರಳುವ ದಾರಿಯಲ್ಲಿ.

ಮೀಟರುಗಳಲ್ಲೂ ಎರಡು ಮುಖ್ಯ ಜಾತಿ. ಒಂದರಲ್ಲಿ ಎರಡು ಬೇರೆ ಲೋಹಗಳನ್ನು ಬೆಸೆದ ಪಟ್ಟಿಯ ಸುತ್ತ ಕಾಯುವ ತಂತಿ ಇರುತ್ತದೆ. ಕರೆಂಟು ಹರಿದಾಗ ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳನ್ನು ದೂಡುತ್ತದೆ. ಕೀಲಿ ತಿರುಗಿಸಿದ ಮೇಲೆ ಮುಳ್ಳು ನಿಧಾನಕ್ಕೆ, ಬೆಟ್ಟ ಹತ್ತುವವರ ಹಾಗೆ ಮೇಲೆ ಬಂದರೆ ಅದು ಈ ಜಾತಿಯದು. ಗುಂಡಿಯಲ್ಲಿ ಗಾಡಿ ಕುಣಿದರೂ ಇದರ ಮುಳ್ಳು ಕುಣಿಯುವುದಿಲ್ಲ. ಆದರೆ ಬ್ಯಾಟರಿಯ ವೋಲ್ಟೇಜ್ ಏರಿಳಿದರೆ ಇದೂ ಏರಿಳಿಯುತ್ತದೆ. ಆದ್ದರಿಂದಲೇ ಡ್ಯಾಶ್‌ಬೋರ್ಡಿನ ಹಿಂದೆ ವೋಲ್ಟೇಜನ್ನು ಸುಮಾರು 10ಕ್ಕೆ ಕಟ್ಟಿಹಾಕುವ ಒಂದು ಪುಟ್ಟ ಡಬ್ಬಿಯನ್ನು ಹಳೇ ಇಂಗ್ಲಿಷ್ ಕಾರುಗಳಲ್ಲಿ ಇಡುತ್ತಿದ್ದರು. ಇನ್ನೊಂದು ಜಾತಿಯ ಮೀಟರಿನಲ್ಲಿ ಒಂದಕ್ಕೊಂದು ಅಡ್ಡವಾಗಿ ನಿಂತ ಎರಡು ಸುರುಳಿಗಳು ಮುಳ್ಳನ್ನು ತಮ್ಮ ತಮ್ಮ ಕಡೆಗೆ ಎಳೆದಾಡುತ್ತವೆ. ಇದು ಚುರುಕು. ವೋಲ್ಟೇಜು ಏರಿಳಿದರೂ ಎರಡೂ ಎಳೆತ ಒಟ್ಟಿಗೇ ಏರಿಳಿಯುವುದರಿಂದ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ.

ಇಷ್ಟು ಗೊತ್ತಾದರೆ ಮುಳ್ಳಿನ ನಡತೆ ನೋಡಿಯೇ ಅರ್ಧ ರೋಗ ಹೇಳಬಹುದು. ಪೆಟ್ರೋಲ್ ಮೀಟರೂ ಟೆಂಪರೇಚರ್ ಮೀಟರೂ ಒಟ್ಟಿಗೇ ಹೆಚ್ಚು ತೋರಿಸತೊಡಗಿದರೆ ಟ್ಯಾಂಕಿನ ಕಡೆ ಹೋಗಲೇಬೇಡಿ, ಎರಡಕ್ಕೂ ವೋಲ್ಟೇಜು ಹಂಚುವ ಆ ಡಬ್ಬಿ ಕೆಟ್ಟಿದೆ. ಹೆಡ್‌ಲೈಟ್ ಹಾಕಿದಾಗ, ಬ್ರೇಕ್ ಒತ್ತಿದಾಗ ಮುಳ್ಳು ಜಿಗಿದರೆ ಅರ್ತ್ ಸಡಿಲವಾಗಿದೆ: ಲೈಟಿನ ಕರೆಂಟೂ ಮೀಟರಿನ ಕರೆಂಟೂ ಒಂದೇ ಇಕ್ಕಟ್ಟಾದ ಬಾಗಿಲಲ್ಲಿ ಹೊರಹೋಗಲು ನುಗ್ಗುತ್ತಿವೆ. ಒಂದು ಗೊತ್ತಾದ ಜಾಗದಲ್ಲಿ, ಮುಕ್ಕಾಲಿನ ಆಸುಪಾಸು ಎನ್ನಿ, ಮುಳ್ಳು ಧೊಪ್ಪನೆ ಬಿದ್ದು ಮತ್ತೆ ಏಳುತ್ತಿದ್ದರೆ ಪಟ್ಟಿ ಆ ಜಾಗದಲ್ಲಿ ಸವೆದಿದೆ. ಎಷ್ಟು ತುಂಬಿಸಿದರೂ ಕಡಿಮೆಯೇ ತೋರಿಸುತ್ತಿದ್ದರೆ ಫ್ಲೋಟಿನೊಳಗೆ ಪೆಟ್ರೋಲ್ ಸೇರಿರಬಹುದು. ಹಿತ್ತಾಳೆಯ ಟೊಳ್ಳು ಫ್ಲೋಟಿಗೆ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಕು. ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಪೆಟ್ರೋಲ್ ಕೇಳಿಸುತ್ತದೆ.

ಇದೆಲ್ಲ ನನಗೆ ಮೊದಲೇ ತಿಳಿದಿತ್ತು ಎಂದಲ್ಲ. ಮರುದಿನ ಬೆಳಿಗ್ಗೆ ನಮ್ಮ ಬೀದಿಯ ತುದಿಯಲ್ಲಿರುವ ಆಟೋ ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಹೋದೆ. ಮಾಧವರಂನಲ್ಲಿ ಇಂಥ ಅಂಗಡಿಗಳಿಗೆ ಬರವಿಲ್ಲ. ಟ್ರಕ್ ಟರ್ಮಿನಲ್ ಇಲ್ಲಿದೆ. ಆಂಧ್ರದ ಕಡೆಯ ಬಸ್ಸುಗಳು 2018ರಿಂದ ಇಲ್ಲಿನ ನಿಲ್ದಾಣದಿಂದಲೇ ಹೊರಡುತ್ತವೆ. ಪೂರ್ವಕ್ಕೆ ಮಣಲಿಯ ತೈಲ ಶುದ್ಧೀಕರಣಾಗಾರ, ಅದರ ಆಚೆ ದಶಕಗಳ ಕಾಲ ಬುಲೆಟ್ ಬೈಕ್ ತಯಾರಾದ ತಿರುವೊತ್ತಿಯೂರು, ಇನ್ನೂ ಮೇಲೆ ಅಶೋಕ್ ಲೇಲ್ಯಾಂಡಿನ ಎಣ್ಣೂರು. ಈ ಕಡೆ ಪಾಡಿಯಲ್ಲಿ ಗಾಡಿಗಳ ವಿದ್ಯುತ್ ಸಾಮಾನು ಮಾಡುವ ಲ್ಯೂಕಾಸ್ ಟಿವಿಎಸ್. ಚಕ್ರದ ಮೇಲೆ ಓಡುವ ಯಾವುದಕ್ಕೂ ಇಲ್ಲಿ ವೈದ್ಯರಿದ್ದಾರೆ. ಆ ಅಣ್ಣ ಮೀಟರಿನ ಕಡೆ ಕಣ್ಣೂ ಹಾಯಿಸದೆ, ‘ಫುಲ್ ಹಾಕಿದಾಗ ಎಲ್ಲಿಗೆ ಬರುತ್ತೆ?’ ಎಂದು ಕೇಳಿದರು. ನೆನಪಿಸಿಕೊಂಡೆ. ಫುಲ್ ಹಾಕಿಸಿದಾಗಲೆಲ್ಲ ಮುಳ್ಳು F ಗೆರೆಯನ್ನೂ ದಾಟಿ ಕೊನೆಯ ಗೂಟಕ್ಕೆ ಒರಗಿ ನಿಲ್ಲುತ್ತಿತ್ತು. ಟ್ಯಾಂಕು ಚೆನ್ನಾಗಿ ತುಂಬಿದೆ ಎಂದುಕೊಂಡು ಸುಮ್ಮನಿದ್ದೆ. ‘ಮೀಟರ್ ಮಾತ್ತಾದೀಂಗ ಸಾರ್, ಮೊದಲ್ಲ ಎರ್ತ್ ಪಾರುಂಗ’ ಎಂದರು ಅವರು. ಮೀಟರ್ ಬದಲಾಯಿಸಬೇಡಿ, ಮೊದಲು ಅರ್ತ್ ನೋಡಿ.

ಖಾಲಿಯಿದ್ದಾಗಲೂ ಹೆಚ್ಚು, ತುಂಬಿದ್ದಾಗಲೂ ಹೆಚ್ಚು. ಎರಡೂ ಕಡೆ ಒಂದೇ ದಿಕ್ಕಿನ ತಪ್ಪು. ಮೀಟರು ಕೆಟ್ಟಿದ್ದರೆ, ತೋಳು ಸಿಕ್ಕಿಕೊಂಡಿದ್ದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಏನೋ ಒಂದು ಎಲ್ಲ ಹೊತ್ತಿನಲ್ಲೂ ಲೆಕ್ಕಕ್ಕೆ ಸೇರಿಕೊಳ್ಳುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಪರೀಕ್ಷೆಗೆ ಬೇಕಾದದ್ದು ಒಂದು ಮಲ್ಟಿಮೀಟರ್, ಎರಡು ಮಾರು ತಂತಿ. ಅದಕ್ಕೂ ಮುಂಚೆ ಒಂದು ಎಚ್ಚರದ ಮಾತನ್ನು ಗಟ್ಟಿಯಾಗಿ ಹೇಳಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೂ ಕಿಡಿಗೆ ಹತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಅದರ ತುಂಬ ಇರುವುದು ಆ ಆವಿಯೇ. ಆದ್ದರಿಂದ ಬಯಲಲ್ಲಿ, ಎಂಜಿನ್ ಆರಿದ ಮೇಲೆ, ಟ್ಯಾಂಕು ಮುಚ್ಚಿದ್ದಾಗ ಮಾತ್ರ ತಂತಿಯ ಪರೀಕ್ಷೆ. ತಂತಿಯನ್ನು ಮೊದಲು ಭದ್ರವಾಗಿ ಸಿಕ್ಕಿಸಿ ಆಮೇಲೆ ಕೀಲಿ ತಿರುಗಿಸಬೇಕು. ಕೀಲಿ ಆನ್ ಇಟ್ಟುಕೊಂಡು ಟ್ಯಾಂಕಿನ ಬಳಿ ತಂತಿ ತಾಗಿಸುತ್ತ ಕಿಡಿ ಹಾರಿಸಕೂಡದು. ಟ್ಯಾಂಕ್ ಯೂನಿಟ್ ಬಿಚ್ಚುವುದಾದರೆ ಬ್ಯಾಟರಿಯ ನೆಗೆಟಿವ್ ಕಳಚಿಟ್ಟೇ ಬಿಚ್ಚಬೇಕು.

ಮೊದಲ ಪರೀಕ್ಷೆ ಮೀಟರಿನದ್ದು. ಟ್ಯಾಂಕ್ ಯೂನಿಟ್ಟಿಗೆ ಬರುವ ತಂತಿಯನ್ನು ಕಳಚಿ, ಯಾವುದಕ್ಕೂ ತಾಗದಂತೆ ಹಿಡಿದು ಕೀಲಿ ತಿರುಗಿಸಿದರೆ ಮುಳ್ಳು ಒಂದು ತುದಿಗೆ ಹೋಗಬೇಕು. ಕೀಲಿ ಆರಿಸಿ, ಆ ತಂತಿಯನ್ನು ಚಾಸಿಗೆ ಕಟ್ಟಿ ಮತ್ತೆ ತಿರುಗಿಸಿದರೆ ಇನ್ನೊಂದು ತುದಿಗೆ ಬರಬೇಕು. ಎರಡೂ ಆದರೆ ಮೀಟರೂ ಸರಿ, ತಂತಿಯೂ ಸರಿ, ಕಳ್ಳ ಇರುವುದು ಟ್ಯಾಂಕಿನ ಕಡೆಯೇ. ಚಾಸಿಗೆ ಕಟ್ಟಿದ ಮೇಲೆ ಮುಳ್ಳು ಹೊರಳಿದ್ದು ಕಂಡ ಕೂಡಲೇ ಕೀಲಿ ಆರಿಸಬೇಕು. ಕಾಯುವ ತಂತಿಯ ಮೀಟರಾದರೆ ತಡೆಯೇ ಇಲ್ಲದ ಕರೆಂಟು ಬಹಳ ಹೊತ್ತು ಹರಿದು ಅದನ್ನು ಸುಟ್ಟುಬಿಡಬಹುದು. ನಮ್ಮ ಜೀಪಿನ ಮುಳ್ಳು ಎರಡೂ ತುದಿಗೆ ಶಿಸ್ತಾಗಿ ಹೋಗಿ ಬಂತು.

ಆಮೇಲೆ ಬ್ಯಾಟರಿ ಕಳಚಿ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಟ್ಯಾಂಕ್ ಯೂನಿಟ್ಟಿನ ದುಂಡು ತಗಡಿಗೆ, ಇನ್ನೊಂದನ್ನು ಚಾಸಿಯ ಕೆರೆದ ಜಾಗಕ್ಕೆ ಒತ್ತಿದೆವು. ಎರಡೂ ಕಬ್ಬಿಣ, ಒಂದಕ್ಕೊಂದು ಬಿಗಿದದ್ದು. ನಡುವೆ ತಡೆಯೇ ಇರಬಾರದು, ಸೊನ್ನೆ ಬರಬೇಕು. ಬಂದದ್ದು 68 ಓಂ.

ಈ 68 ಎಂಬ ಅಂಕಿಯಲ್ಲಿ ಇಡೀ ಕಥೆಯಿದೆ. ಜೀಪಿನ ಮೂಲ ಮೀಟರು ಎಂದೋ ಹೋಗಿ, ವಿಡಿಒ ಮಾದರಿಯ ಮೀಟರು ಮತ್ತು ಯೂನಿಟ್ಟು ಜೋಡಿಯಾಗಿ ಬಂದಿವೆ. ಈ ಮಾದರಿಯಲ್ಲಿ ಟ್ಯಾಂಕು ಖಾಲಿಯಾದರೆ ಸುಮಾರು 10 ಓಂ, ತುಂಬಿದರೆ ಸುಮಾರು 180. ಅರ್ಧಕ್ಕೆ 80-90ರ ನಡುವೆ. ಖಾಲಿ ಟ್ಯಾಂಕಿನ 10ಕ್ಕೆ ತುಕ್ಕು ಹಿಡಿದ ಅರ್ತ್‌ನ 68 ಸೇರಿಸಿ ನೋಡಿ: 78. ಅರ್ಧದ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ! ತುಂಬಿದ 180ಕ್ಕೆ 68 ಸೇರಿಸಿದರೆ 248. ಮುಳ್ಳು F ದಾಟಿ ಗೂಟಕ್ಕೆ ಒರಗದೆ ಇನ್ನೇನು ಮಾಡೀತು? ಜಿಎನ್‌ಟಿ ರಸ್ತೆಯಲ್ಲಿ ನಾನು ನೋಡುತ್ತಿದ್ದದ್ದು ಪೆಟ್ರೋಲನ್ನಲ್ಲ, ತುಕ್ಕನ್ನು. ಆ ಅರ್ಧ ಟ್ಯಾಂಕ್ ಪೂರ್ತಿ ತುಕ್ಕಿನದೇ.

ಇಲ್ಲಿ ತಿಳಿದುಕೊಳ್ಳಬೇಕಾದ ಇನ್ನೊಂದು ವಿಚಿತ್ರವಿದೆ. ಎಲ್ಲ ಗಾಡಿಗಳಲ್ಲೂ ಹೆಚ್ಚು ಓಂ ಎಂದರೆ ಹೆಚ್ಚು ಪೆಟ್ರೋಲ್ ಎಂದಲ್ಲ. ಅಮೆರಿಕದ ಮಾದರಿಯಲ್ಲಿ ಖಾಲಿಗೆ 240, ತುಂಬಿದರೆ 33. ಹಳೆಯ ಸುಜುಕಿಯಂಥ ಜಪಾನಿ ಗಾಡಿಗಳಲ್ಲೂ ಹಾಗೆಯೇ, ತಡೆ ಕಡಿಮೆಯಾದಷ್ಟೂ ಟ್ಯಾಂಕು ತುಂಬಿದೆ ಎಂದರ್ಥ. ಅಂಥ ಗಾಡಿಯಲ್ಲಿ ಇದೇ ತುಕ್ಕು ಮುಳ್ಳನ್ನು ಕೆಳಕ್ಕೆ ಎಳೆಯುತ್ತದೆ. ಪೆಟ್ರೋಲ್ ಇದ್ದರೂ ಇಲ್ಲವೆನ್ನುತ್ತದೆ. ಒಂದೇ ರೋಗ, ಒಂದು ಗಾಡಿಯಲ್ಲಿ ಇಲ್ಲದ್ದನ್ನು ಇದೆ ಎನ್ನುತ್ತದೆ, ಇನ್ನೊಂದರಲ್ಲಿ ಇದ್ದದ್ದನ್ನು ಇಲ್ಲ ಎನ್ನುತ್ತದೆ. ಹಾಗಾಗಿ ಗುಜರಿಯಿಂದ ಬಿಡಿಭಾಗ ತರುವವರು ಮೈಮರೆಯಬಾರದು. ಬೆಂಗಳೂರಿನ ಶಿವಾಜಿನಗರದಲ್ಲಾಗಲಿ, ಇಲ್ಲಿನ ಪುದುಪೇಟೆಯಲ್ಲಾಗಲಿ ಅಳತೆಗೆ ಕೂರುವ ಯೂನಿಟ್ ಸಿಗುತ್ತದೆ, ಸ್ಕ್ರೂ ತೂತುಗಳೂ ಸರಿಹೊಂದುತ್ತವೆ. ಆದರೆ ಅದರ ಓಂ ಲೆಕ್ಕ ಬೇರೆಯಾದರೆ ಪೆಟ್ರೋಲ್ ಇಳಿದಂತೆಲ್ಲ ಮುಳ್ಳು ಏರುವ ಗಾಡಿ ನಿಮ್ಮದಾಗುತ್ತದೆ. ಇದು ಕಟ್ಟುಕಥೆಯಲ್ಲ, ಕೈ ಬದಲಾದ ಹಳೇ ಗಾಡಿಗಳಲ್ಲಿ ಮಾಮೂಲು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ತೋಳನ್ನು ಕೆಳಗಿಂದ ಮೇಲಕ್ಕೆ ಮೆಲ್ಲಗೆ ಎತ್ತುತ್ತ ಓಂ ಅಳೆದು, ಎರಡು ತುದಿಯ ಅಂಕಿ ಬರೆದುಕೊಳ್ಳುವುದು ಐದು ನಿಮಿಷದ ಕೆಲಸ. ನಡುವೆ ಎಲ್ಲೂ ಅಂಕಿ ಹಾರಬಾರದು, ಕಾಣೆಯಾಗಬಾರದು.

ತುಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿದ್ದ ಅಪ್ಪನ ಪುಸ್ತಕದಲ್ಲಿ. ಇನ್ನೂರು ಪುಟದ ನೋಟ್‌ಬುಕ್ಕು, ಅಂಚೆಲ್ಲ ಗ್ರೀಸು. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ತಾರೀಕು, ಮೀಟರಿನ ಕಿಲೋಮೀಟರು, ಎಷ್ಟು ಲೀಟರು ಎಂದು ಅಪ್ಪ ಬರೆದಿಡುತ್ತಿದ್ದರು. ಕಾಫಿ ಕೊಯ್ಲಿನ ದಿನಗಳಲ್ಲಿ ಆಳುಗಳನ್ನು ಕರೆತಂದ ಟ್ರಿಪ್ಪುಗಳ ಲೆಕ್ಕವೂ ಅದರಲ್ಲೇ. ನಡುವೆ ಒಂದು ಕಡೆ, ‘ಟ್ಯಾಂಕ್ ಸೋರಿಕೆ. ಇಳಿಸಿ ತೊಳೆಸಿ ಬೆಸುಗೆ. ಒಳ್ಳೇ ಪೇಂಟ್ ಹೊಡೆಸಿದೆ’ ಎಂದಿತ್ತು. ಆ ಒಳ್ಳೇ ಪೇಂಟೇ ಕಾರಣ. ಬಣ್ಣವು ಕರೆಂಟಿಗೆ ಗೋಡೆ. ಯೂನಿಟ್ಟಿನ ತಗಡಿನ ಕೆಳಗೆ ಹೇಗೂ ರಬ್ಬರ್ ವಾಷರ್ ಇರುತ್ತದೆ, ಟ್ಯಾಂಕು ಚಾಸಿಗೆ ಕೂರುವ ಜಾಗದಲ್ಲಿ ಬಣ್ಣ ಬಂತು, ಉಳಿದದ್ದು ಸ್ಕ್ರೂಗಳ ದಾರಿ ಮಾತ್ರ. ಮೂಡಿಗೆರೆಯ ಮಳೆಯಲ್ಲಿ ಸ್ಕ್ರೂಗಳು ತುಕ್ಕು ಹಿಡಿದವು, ಮಾಧವರಂನ ಉಪ್ಪು ಗಾಳಿ ಅದನ್ನು ಪೂರ್ತಿ ಮಾಡಿತು. ಕೆಟ್ಟದ್ದು ಯಾವಾಗಿಂದ, ಅದಕ್ಕೆ ಸ್ವಲ್ಪ ಮುಂಚೆ ಗಾಡಿಗೆ ಏನು ಮಾಡಿಸಿದ್ದೆವು ಎಂಬ ಪ್ರಶ್ನೆಯನ್ನು ಸ್ಪ್ಯಾನರ್ ಹಿಡಿಯುವ ಮುಂಚೆಯೇ ಕೇಳಿಕೊಳ್ಳಬೇಕಿತ್ತು ಎಂದು ಆಗ ತಿಳಿಯಿತು.

ಎಲೆಕ್ಟ್ರಿಷಿಯನ್ ಅಣ್ಣ ಒಂದು ತಂತಿಯ ತುದಿಯನ್ನು ಯೂನಿಟ್ಟಿನ ತಗಡಿಗೆ, ಇನ್ನೊಂದನ್ನು ಚಾಸಿಗೆ ತಾತ್ಕಾಲಿಕವಾಗಿ ಕಚ್ಚಿಸಿ ಬ್ಯಾಟರಿ ಸಿಕ್ಕಿಸಿದರು. ನಾನು ಕೀಲಿ ತಿರುಗಿಸಿದೆ. ಮುಳ್ಳು ಒಂದು ಕ್ಷಣ ನಡುಗಿತು. ಆಮೇಲೆ ಎಡಕ್ಕೆ, E ಗೆರೆಗಿಂತ ಸ್ವಲ್ಪ ಮೇಲಕ್ಕೆ ಬಂದು ನಿಂತಿತು. ಟ್ಯಾಂಕಿನಲ್ಲಿದ್ದದ್ದು ಹಿಂದಿನ ದಿನ ಸುರಿದ ಐದು ಲೀಟರಿನಲ್ಲಿ ಉಳಿದದ್ದಷ್ಟೆ. ಪೆಟ್ರೋಲ್ ಮೀಟರು ಕೆಳಕ್ಕೆ ಬಿದ್ದದ್ದನ್ನು ಕಂಡು ಅಷ್ಟು ಸಮಾಧಾನ ಪಟ್ಟದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಆಮೇಲೆ ಒಂದು ಸ್ಕ್ರೂ ಬದಲಾಯಿಸಿ, ಅದರಡಿಯ ಬಣ್ಣ ಉಪ್ಪುಕಾಗದದಿಂದ ಕೆರೆದು, ಕಣ್ಣಿರುವ ತಾಮ್ರದ ತಂತಿಯನ್ನು ಅಲ್ಲಿಂದ ಚಾಸಿಗೆ ಶಾಶ್ವತವಾಗಿ ಬಿಗಿದೆವು. ಮೇಲೆ ಸ್ವಲ್ಪ ಗ್ರೀಸ್. ಹೊಸ ಮೀಟರಿನ ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ.

ನನ್ನ ಜೀಪಿನ ರೋಗ ಇದು. ಆದರೆ ಈಗ ಹಳೇ ಪೆಟ್ರೋಲ್ ಗಾಡಿಗಳ ಟ್ಯಾಂಕಿನೊಳಕ್ಕೆ ಇನ್ನೊಂದು ವಿಷಯವೂ ಇಳಿದಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ದೇಶದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಎಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಇಂದು ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತವೆ. ತಗಡಿನ ಟ್ಯಾಂಕಿಗೆ, ಯೂನಿಟ್ಟಿನ ತಳದ ಭಾಗಕ್ಕೆ ಅದು ಒಳ್ಳೆಯದಲ್ಲ. ಬಹಳ ಹಳೆಯ ಗಾಡಿಗಳಲ್ಲಿ ಫ್ಲೋಟು ಬೆಂಡಿನದು. ಪೆಟ್ರೋಲ್ ಹೀರದಂತೆ ಅದಕ್ಕೆ ಅರಗಿನ ಲೇಪ ಕೊಡುತ್ತಿದ್ದರು. ಅರಗನ್ನು ಕರಗಿಸಲು ಬಡಗಿಗಳು ಬಳಸುವುದು ಏನನ್ನು? ಸ್ಪಿರಿಟ್ಟನ್ನು. ಎಥೆನಾಲ್ ಎಂದರೆ ಅದೇ. ಮೇಜಿನ ಪಾಲಿಶ್ ಮಾಡುವವರಿಗೆ ಗೊತ್ತಿರುವ ಈ ಸಂಗತಿ ವಿಂಟೇಜ್ ಕಾರುಗಳವರ ಕಿವಿಗೂ ಬೀಳಬೇಕು. ಅಂಥ ಗಾಡಿಯಲ್ಲಿ ಮುಳ್ಳು ತಿಂಗಳಿಂದ ತಿಂಗಳಿಗೆ ಕುಗ್ಗುತ್ತ ಹೋದರೆ ಲೇಪ ಕರಗಿ ಬೆಂಡು ಪೆಟ್ರೋಲ್ ಕುಡಿಯುತ್ತಿದೆಯೇ ಎಂದು ನೋಡಬೇಕು. ಇಂಧನವೇ ತನ್ನ ಅಳತೆಗಾರನನ್ನು ಕೆಡಿಸಿದ ಉದಾಹರಣೆ ಹೊಸ ಗಾಡಿಗಳಲ್ಲೂ ಇದೆ. 2004ರ ಮೇ ತಿಂಗಳಲ್ಲಿ ಅಮೆರಿಕದ ಲೂಯಿಸಿಯಾನಾ, ಫ್ಲೋರಿಡಾ ಕಡೆ ಗಂಧಕ ಹೆಚ್ಚಾದ ಪೆಟ್ರೋಲ್ ಬಂಕುಗಳಿಗೆ ಹೋಗಿ, ಟ್ಯಾಂಕ್ ಯೂನಿಟ್ಟುಗಳ ಬೆಳ್ಳಿಯ ಪಾಯಿಂಟುಗಳನ್ನು ಹಾಳುಮಾಡಿತ್ತು.

ಮೀಟರೇ ಬೇಡ, ಕಡ್ಡಿಯೇ ಸಾಕು ಎನ್ನುವವರಿದ್ದಾರೆ. ಫೋರ್ಡ್‌ನ ಮಾಡೆಲ್ ಟಿ ಕಾರಿಗೆ ಡ್ಯಾಶ್‌ಬೋರ್ಡಿನಲ್ಲಿ ಮೀಟರೇ ಇರಲಿಲ್ಲ, ಮರದ ಪಟ್ಟಿ ಇಳಿಸಿ ನೋಡುವುದೇ ಪದ್ಧತಿ. ತಿರುವೊತ್ತಿಯೂರಿನ ಬುಲೆಟ್ಟು ದಶಕಗಳ ಕಾಲ ಮೀಟರಿಲ್ಲದೆ, ರಿಸರ್ವ್ ಕಾಕಿನ ಭರವಸೆಯಲ್ಲೇ ಓಡಿತು. ‘ರಿಸರ್ವ್‌ಗೆ ಬಿತ್ತು’ ಎಂಬ ಮಾತು ಕೇಳದ ಬುಲೆಟ್ ಸವಾರರಿಲ್ಲ. ಚಳ್ಳಕೆರೆಯ ಆ ಡ್ರೈವರ್ ತಮ್ಮ ಲಾರಿಯ ಸೀಟಿನ ಹಿಂದಿನಿಂದ ಬಿದಿರಿನ ಕಡ್ಡಿ ತೆಗೆದು ತೋರಿಸಿದ್ದರು. ಗೀರುಗಳನ್ನು ನೋಡಿದೆ. ಒಂದರಿಂದ ಇನ್ನೊಂದಕ್ಕೆ ಸಮ ದೂರವಿರಲಿಲ್ಲ. ತಳದ ಗೀರುಗಳ ನಡುವೆ ಅಂತರ ಹೆಚ್ಚು, ಮಧ್ಯದಲ್ಲಿ ಕಡಿಮೆ, ಮೇಲೆ ಮತ್ತೆ ಹೆಚ್ಚು. ಅವರದು ಮಲಗಿಸಿದ ಪೀಪಾಯಿಯಂಥ ಉರುಟು ಟ್ಯಾಂಕು. ಅಂಥ ಟ್ಯಾಂಕಿನಲ್ಲಿ ಕಾಲು ಭಾಗ ಎತ್ತರಕ್ಕೆ ಎಣ್ಣೆ ಇದೆಯೆಂದರೆ ಕಾಲು ಟ್ಯಾಂಕು ಇದೆ ಎಂದಲ್ಲ, ನೂರಕ್ಕೆ ಇಪ್ಪತ್ತೂ ಇರುವುದಿಲ್ಲ. 300 ಲೀಟರಿನ ಟ್ಯಾಂಕಾದರೆ 75ರ ಬದಲು 59 ಲೀಟರ್. ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ ಆ 16 ಲೀಟರಿನ ವ್ಯತ್ಯಾಸ ಎಂದರೆ ಇಲ್ಲಿಂದ ಆಂಧ್ರದ ಗಡಿಯನ್ನು ದಾಟುವಷ್ಟು ದಾರಿ. ರೇಖಾಗಣಿತದ ಪುಸ್ತಕ ತೆರೆಯದೆ, ಹತ್ತು ಹತ್ತು ಲೀಟರ್ ಸುರಿದು ಒಂದೊಂದು ಗೀರು ಹಾಕಿ ಅವರು ಆ ವಕ್ರವನ್ನು ಬಿದಿರಿನ ಮೇಲೆ ಸರಿಯಾಗಿ ಇಳಿಸಿದ್ದರು.

ಆದರೂ ಕಡ್ಡಿಯೊಂದನ್ನೇ ನಂಬಿ ಕೂರಬೇಕು ಎಂದು ನನಗನ್ನಿಸುವುದಿಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು 41,000 ಅಡಿ ಎತ್ತರದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ಆರಿ, ಗಾಳಿಯಲ್ಲಿ ಜಾರುತ್ತ ಬಂದು ಗಿಮ್ಲಿ ಎಂಬ ಊರಿನ ಹಳೇ ವಾಯುನೆಲೆಯಲ್ಲಿ ಇಳಿಯಿತು. ಅದರ ಇಂಧನ ಮೀಟರು ಕೆಟ್ಟಿತ್ತು. ಒಳಗಿನ ಒಂದು ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ. ಮೀಟರಿಲ್ಲವೆಂದು ಕಡ್ಡಿಯಿಂದಲೇ ಅಳೆದಿದ್ದರು. ಅಳತೆಯೂ ಸರಿಯಿತ್ತು. ಆದರೆ ಲೀಟರನ್ನು ಕಿಲೋಗೆ ತಿರುಗಿಸುವಾಗ ಪೌಂಡಿನ ಲೆಕ್ಕ ಹಿಡಿದಿದ್ದರಿಂದ, 22,300 ಕಿಲೋ ಇರಬೇಕಾದಲ್ಲಿ 22,300 ಪೌಂಡ್ ಮಾತ್ರ ಇತ್ತು, ಅರ್ಧಕ್ಕಿಂತ ಕಡಿಮೆ. ವಿಮಾನದಲ್ಲಿದ್ದ 69 ಮಂದಿಯೂ ಬದುಕಿದ್ದು ಕ್ಯಾಪ್ಟನ್ ಬಾಬ್ ಪಿಯರ್ಸನ್ ಮತ್ತು ಅವರ ಜೊತೆಗಾರ ಮಾರಿಸ್ ಕ್ವಿಂಟಲ್ ಅವರ ಕೈಚಳಕದಿಂದ. ಮೀಟರು, ಕಡ್ಡಿ, ಓಡಿದ ಕಿಲೋಮೀಟರಿನ ಲೆಕ್ಕ, ಈ ಮೂರರಲ್ಲಿ ಕನಿಷ್ಠ ಎರಡು ಒಂದೇ ಮಾತು ಹೇಳುತ್ತಿರಬೇಕು. ನನ್ನ ಜೀಪಿನ ಟ್ಯಾಂಕಿನ ಬಾಯಿ ಓರೆ, ಕಡ್ಡಿ ನೇರ ಇಳಿಯುವುದೇ ಇಲ್ಲ. ಹಾಗಾಗಿ ನನಗೆ ಮೀಟರೂ ಅಪ್ಪನ ಪುಸ್ತಕವೂ ಎರಡೂ ಬೇಕು.

ಅರ್ತ್ ಸರಿಯಾದ ಮೇಲೂ ಒಂದು ಕೆಲಸ ಉಳಿದಿತ್ತು. E ಎಂದರೆ ಎಷ್ಟು? ತಯಾರಿಸಿದವರು ಕೆಲವರು E ಕೆಳಗೆ ಒಂದಿಷ್ಟು ಉಳಿಸಿರುತ್ತಾರೆ, ಕೆಲವರು ಇಲ್ಲ. ಬದಲಾಯಿಸಿದ ಮೀಟರಾದರೆ ಕೇಳುವುದೇ ಬೇಡ. ಒಂದು ಭಾನುವಾರ ಐದು ಲೀಟರಿನ ಕ್ಯಾನು ಹಿಂದೆ ಇಟ್ಟುಕೊಂಡು, ಮುಳ್ಳು E ಗೆರೆಗೆ ಬಂದಾಗ ಕಿಲೋಮೀಟರ್ ಬರೆದುಕೊಂಡು, ರೆಟ್ಟೇರಿ ಕಡೆ ವಾಹನ ಕಡಿಮೆಯಿರುವ ಒಳರಸ್ತೆಯಲ್ಲಿ ಜೀಪು ನಿಲ್ಲುವ ತನಕ ಓಡಿಸಿದೆ. ಆಮೇಲೆ ಅಳತೆ ಮಾಡಿ ಐದೈದೇ ಲೀಟರ್ ಸುರಿಯುತ್ತ, ಪ್ರತಿ ಸಲ ಜೀಪನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಮುಳ್ಳು ನಿಂತ ಜಾಗಕ್ಕೆ ಮೀಟರಿನ ಗಾಜಿನ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟೆ. ಸುಮಾರು 40 ಲೀಟರಿನ ಟ್ಯಾಂಕಿಗೆ ಎಂಟು ಚುಕ್ಕೆ ಬಂದವು. ಅವೂ ಸಮ ದೂರದಲ್ಲಿಲ್ಲ. ಮೇಲಿನ ಎರಡು ಬಹಳ ಹತ್ತಿರ ಹತ್ತಿರ. ಫುಲ್ ಟ್ಯಾಂಕಿನಲ್ಲಿ ತೋಳು ಮೇಲ್ಛಾವಣಿಗೆ ತಾಗಿ ನಿಲ್ಲುವುದರಿಂದ ಮೊದಲ ಕೆಲವು ಲೀಟರ್ ಖರ್ಚಾದರೂ ಮುಳ್ಳು ಅಲುಗುವುದಿಲ್ಲ. ಹೊಸ ಕಾರಿನವರೂ ‘ಫುಲ್‌ನಿಂದ ಮುಕ್ಕಾಲಿಗೆ ನಿಧಾನ, ಆಮೇಲೆ ಸರಸರ ಇಳಿಯುತ್ತೆ’ ಎಂದು ದೂರುವುದು ಹೆಚ್ಚಾಗಿ ಇದರಿಂದಲೇ.

ಸಂಜೆ ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಅಪ್ಪನ ಬರಹ ನಿಂತ ಪುಟದಲ್ಲಿ ಇನ್ನೂ ಹತ್ತು ಹನ್ನೆರಡು ಗೆರೆ ಖಾಲಿಯಿತ್ತು. ತಾರೀಕು, ಕಿಲೋಮೀಟರು ಬರೆದು ಕೆಳಗೆ ಸೇರಿಸಿದೆ: ‘ಟ್ಯಾಂಕಿಗೆ ಬೇರೆ ಅರ್ತ್ ತಂತಿ ಹಾಕಿದೆ. ಮುಳ್ಳು E ಮುಟ್ಟಿದ ಮೇಲೆ 31 ಕಿ.ಮೀ. ಓಡಿತು.’